ನಮ್ಮನೆ ಪೇಪರ್‌ಗೆ ಮೂರೇ ಸ್ಟಾರ್
ಪೇಪರ್ ಹೆಸರು ಬೇಡ ಬಿಡಿ, ಅಪ್ಪನ ಕಾಲದಿಂದ ತರಿಸ್ತಿರೋದು. 2016ರ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟು ದಿನಕ್ಕೆ 15,000 ಕ್ಯೂಸೆಕ್ ಕಾವೇರಿ ನೀರು ತಮಿಳುನಾಡಿಗೆ ಬಿಡಿ ಅಂತು ನೋಡಿ, ಆಗ ಮಂಡ್ಯ ಎಡಿಷನ್ನಲ್ಲಿ ಕೆಆರ್‌ಎಸ್ ಮಟ್ಟ, ಒಣಗೋ ಕಬ್ಬು, ಎಲ್ಲೆಲ್ಲಿ ಧರಣಿ ಎಲ್ಲಾ ಸಿಗ್ತಿತ್ತು, ಅದೇ ಪೇಪರ್ ಬೆಂಗಳೂರಲ್ಲಿ ತಗೊಂಡ್ರೆ 12ನೇ ತಾರೀಕಿನ ಗಲಾಟೆ ಆದ್ಮೇಲೆ ಬರೀ ಸುಟ್ಟ ಬಸ್ ಫೋಟೋನೇ, ರೈತ ಯಾಕೆ ಬೀದಿಗಿಳಿದ ಅಂತ ಒಳಪುಟದಲ್ಲಿ ಹುಡುಕ್ಬೇಕು. 2015ರಲ್ಲಿ ನರಗುಂದದಲ್ಲಿ ಮಹದಾಯಿ ಧರಣಿ ಶುರುವಾದಾಗ್ಲೂ ಇದೇ ಕತೆ, ಅದು ಹುಬ್ಬಳ್ಳಿ ಕಡೆಯವರ ಸುದ್ದಿ ಅನ್ನೋ ಹಂಗೆ. ಓದುಗರ ಪತ್ರದ ಕಾಲಂ ಮಾತ್ರ ಸೂಪರ್, ಸಂಪಾದಕೀಯಕ್ಕಿಂತ ಖಾರ ಇರುತ್ತೆ (ನಂದೂ ಒಂದ್ಸಲ ಬಂದಿತ್ತು, ಅರ್ಧ ಕತ್ತರಿಸಿದ್ರು). ಮುಖಪುಟ ಪೂರ್ತಿ ಜಾಹೀರಾತು ಇರೋ ದಿನ ಮಾತ್ರ ಸಿಟ್ಟು ಬರುತ್ತೆ. ಆದ್ರೂ ನಿಲ್ಲಿಸಿಲ್ಲ.