ಇಳಕಲ್ಲಿನ ನೇಕಾರರ ಸಂಘದ ಸೀರೆ ಮಳಿಗೆ: ಕೊಂಡಿ, ಚೀಟಿ ಮತ್ತು ಕಾನೂನು

ತಂಗಿಯ ಮಗಳ ಮದುವೆಗೆ ಬೇಕಾದ ಸೀರೆಗಳನ್ನು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನೇಕಾರರ ಸಹಕಾರ ಸಂಘವೊಂದು ನಡೆಸುವ ಮಳಿಗೆಯಲ್ಲಿ ಕೊಂಡೆವು. ಪಾವರ್‌ಲೂಮಿನ ಸೀರೆಯೂ ‘ಒರಿಜಿನಲ್ ಇಳಕಲ್’ ಎಂದೇ ಮಾರಾಟವಾಗುತ್ತಿರುವಾಗ, ನಕಲಿ ತಡೆಯಲು ಸರ್ಕಾರ ಮಾಡಿರುವ ವ್ಯವಸ್ಥೆಯಲ್ಲಿ ಎಷ್ಟು ಪಾಲು ಗಿರಾಕಿಯ ಕೈಗೆ ತಲುಪುತ್ತದೆ ಎಂಬುದನ್ನೇ ಮುಖ್ಯವಾಗಿಟ್ಟುಕೊಂಡು ಈ ಮಳಿಗೆಯ ಬಗ್ಗೆ ಬರೆಯುತ್ತಿದ್ದೇನೆ.

ಇಲ್ಲಿ ಮೆಚ್ಚಬೇಕಾದದ್ದು ಸೀರೆ ತೋರಿಸುವ ಕ್ರಮ. ವ್ಯಾಪಾರಕ್ಕೆ ಕುಳಿತಿದ್ದ ಹಿರಿಯರು “ಅಕ್ಕಾರ, ಬಣ್ಣ ಆಮ್ಯಾಲೆ ನೋಡ್ರಿ, ಮೊದಲ ಕೊಂಡಿ ನೋಡ್ರಿ” ಎಂದು ಸೀರೆಯನ್ನು ಒಳಮಗ್ಗುಲಾಗಿ ತಿರುವಿ, ಒಡಲು ಮತ್ತು ಸೆರಗು ಕೂಡುವ ಜಾಗವನ್ನು ಬೆಳಕಿಗೆ ಹಿಡಿದರು. ಒಡಲಿನ ಹಾಸಿನ (ಉದ್ದನೆಯ) ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುವುದೇ ಕೊಂಡಿ; ಹೀಗೆ ಜೋಡಿಸುವುದರಿಂದ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ (ಅಡ್ಡ ಎಳೆಯೂ) ಕೆಂಪು ಆಗಿ ಬಣ್ಣ ಗಟ್ಟಿಯಾಗಿ ನಿಲ್ಲುತ್ತದೆ. ಒಂದೇ ಹಾಸನ್ನು ಕೊನೆಯವರೆಗೂ ಓಡಿಸಿದ ನಕಲಿನಲ್ಲಿ ಒಡಲಿನ ಬಣ್ಣ ಸೆರಗಿನೊಳಗೂ ಇಣುಕಿ ಕೆಂಪು ಮಂಕಾಗಿರುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಹರಡಿ ತೋರಿಸಿದ್ದರಿಂದ ವ್ಯತ್ಯಾಸ ಕಣ್ಣಿಗೇ ಕಂಡಿತು. ಬಾಗಲಕೋಟೆಯ ಅಂಗಡಿಯೊಂದರಲ್ಲಿ ಇದನ್ನೇ ಕೇಳಿದಾಗ ಸೀರೆಯ ಮಡಿಕೆ ಬಿಚ್ಚಲೂ ಅವರು ಒಪ್ಪಿರಲಿಲ್ಲ.

ನಾವು ಕೊಂಡ ಪ್ರತಿ ಸೀರೆಗೂ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇತ್ತು. ಕೇಂದ್ರ ಸರ್ಕಾರ 2006ರಲ್ಲಿ ತಂದ ಈ ಗುರುತಿಗೆ ಈಗ ಕ್ಯೂಆರ್ ಕೋಡ್ ಕೂಡ ಸೇರಿದೆ. ಆದರೆ ಇದು ಸೀರೆಯನ್ನು ಕೈಮಗ್ಗದಲ್ಲಿ ನೇಯಲಾಗಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ಸೆರಗು ರೇಷ್ಮೆಯದೋ ಚಮಕಾದ್ದೋ (ಕೃತಕ ರೇಷ್ಮೆಯದೋ) ಎಂಬುದನ್ನು ಹೇಳುವುದಿಲ್ಲ. ರೇಷ್ಮೆಗೆ ಸಿಲ್ಕ್ ಮಾರ್ಕ್ ಎಂಬ ಬೇರೆಯೇ ಗುರುತಿದೆ. ಚಮಕಾ ಸೆರಗಿನ ಸೀರೆಯನ್ನು ಇವರು ಚಮಕಾ ಎಂದೇ ಹೇಳಿ, ಬಿಲ್ಲಿನಲ್ಲೂ ಹಾಗೆಯೇ ಬರೆದುಕೊಟ್ಟರು. ಮನೆಯಲ್ಲಿ ಕುಚ್ಚಿನ ಒಂದೆಳೆ ಸುಟ್ಟು ನೋಡಿದೆ: ಕಾಗದ ಸುಟ್ಟ ವಾಸನೆ. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕಿತ್ತು.

ಕಾನೂನಿನ ಪುಸ್ತಕದಲ್ಲಿ ಇಳಕಲ್ ಸೀರೆಗೆ ರಕ್ಷಣೆ ಕಡಿಮೆಯೇನಿಲ್ಲ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ನಿರ್ದಿಷ್ಟ ಬಗೆಯ ಸೀರೆಗಳೂ ಸೇರಿದಂತೆ 11 ಬಗೆಯ ವಸ್ತ್ರಗಳನ್ನು ಕೈಮಗ್ಗಕ್ಕೆ ಮೀಸಲಿಡಲಾಗಿದೆ. 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಿ (ಜಿಐ, ಅಂದರೆ ಊರಿನ ಹೆಸರಿನಿಂದ ಗುರುತಾಗುವ ಸರಕಿನ ಹೆಸರನ್ನು ಕಾಯುವ) ಕಾಯ್ದೆಯಡಿ ಇಳಕಲ್ ಎಂಬ ಹೆಸರೇ ನೋಂದಣಿಯಾಗಿದ್ದು, ಅದನ್ನು ಸುಳ್ಳಾಗಿ ಬಳಸಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ತೊಡಕಿರುವುದು ಜಾರಿಯಲ್ಲಿ. ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ವಾರಂಟ್ ಇಲ್ಲದೆ ಮಾಲು ವಶಪಡಿಸಿಕೊಳ್ಳಬಹುದಾದರೂ, ಅದಕ್ಕೂ ಮೊದಲು ಭೌಗೋಳಿಕ ಸೂಚಿಗಳ ರಿಜಿಸ್ಟ್ರಾರ್ ಅವರ ಅಭಿಪ್ರಾಯ ಪಡೆಯಬೇಕು. ನೋಂದಣಿ ಕಚೇರಿ ಇರುವುದು ಚೆನ್ನೈನಲ್ಲಿ. ಅಲ್ಲಿಂದ ಅಭಿಪ್ರಾಯ ಬರುವವರೆಗೆ ಸಂತೆಯ ವ್ಯಾಪಾರಿ ಗಂಟು ಕಟ್ಟದೆ ಕೂತಿರುತ್ತಾನೆಯೇ!

ಇಳಕಲ್ ಎಂಬ ಹೆಸರನ್ನು ಬಳಸುವ ಹಕ್ಕು ಪಡೆಯಲು ಉತ್ಪಾದಕರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಅದರ ಅರ್ಜಿ ಶುಲ್ಕವನ್ನು 2020ರಲ್ಲಿ 500ರಿಂದ 10 ರೂಪಾಯಿಗೆ ಇಳಿಸಿದ್ದು, ನನ್ನ ಮಟ್ಟಿಗೆ, ಸರ್ಕಾರ ಮಾಡಿದ ಕೆಲಸಗಳಲ್ಲಿ ನೇಕಾರನಿಗೆ ನೇರವಾಗಿ ತಾಗುವಂಥದ್ದು. ಇಷ್ಟಾದರೂ ಈ ಮಳಿಗೆಯ ಬಿಲ್ಲಿನಲ್ಲಾಗಲಿ ಚೀಟಿಯಲ್ಲಾಗಲಿ ಅಂಥ ನೋಂದಣಿಯ ಪ್ರಸ್ತಾಪವೇ ಇಲ್ಲ. ಕೇಳಿದಾಗ ಸಂಘದ ಸಭೆಯ ಮುಂದಿಡುವುದಾಗಿ ಹೇಳಿದರು. ಇದನ್ನು ದೊಡ್ಡ ಕೊರತೆ ಎಂದೇ ಎಣಿಸುತ್ತೇನೆ, ಏಕೆಂದರೆ ಹೆಸರಿನ ರಕ್ಷಣೆ ಗಿರಾಕಿಗೆ ಕಾಣುವುದು ಆ ಒಂದು ಸಾಲಿನಲ್ಲೇ.

ಉಳಿದಂತೆ ಜಾಗ ಇಕ್ಕಟ್ಟು, ದಡಿಯ ವಿನ್ಯಾಸಗಳಲ್ಲಿ ಗೋಮಿ ಎಂಬುದು ಹೆಚ್ಚು, ಚಿಕ್ಕಿಪರಾಸ ಎಂಬುದು ಕಡಿಮೆ. ಬೆಲೆ ಪಾವರ್‌ಲೂಮಿನ ಸೀರೆಯ ಕೆಲವು ಪಟ್ಟು ಹೆಚ್ಚಿದ್ದರೂ, ಕೊಂಡಿ ನೋಡಿದ ಮೇಲೆ ಚೌಕಾಶಿಗೆ ಮನಸ್ಸಾಗಲಿಲ್ಲ. ಹೋಗುವವರು ಹಗಲು ಬೆಳಕಿನಲ್ಲೇ ಹೋಗಿ, ಚೀಟಿಯ ಕೋಡನ್ನು ಅಲ್ಲಿಯೇ ಮೊಬೈಲಿನಲ್ಲಿ ಪರೀಕ್ಷಿಸಿ, ಸೆರಗಿನ ನೂಲು ಯಾವುದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.