ಕಮಿಷನ್ ಇಲ್ಲದ ಆ್ಯಪ್, ಕಮಿಷನ್ ಹಾಕುವ ಬ್ರೋಕರ್: ವಿದೇಶಿ ಫಂಡ್ ಕೊಂಡಾಗ ನನಗೆ ಯಾವುದು ಅಗ್ಗವಾಯಿತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಮಿಷನ್ ಹಾಕುವ ಬ್ರೋಕರ್‌ಗೆ. ಮೂರು ದಾರಿಯಲ್ಲೂ ವಿದೇಶಿ ಫಂಡ್ ಕೊಂಡು ನೋಡಿದ್ದೇನೆ. ಮೊದಲ ವರ್ಷ ನನ್ನ ಬ್ಯಾಂಕು. ಆಮೇಲೆ ಎರಡು ವರ್ಷ, ಕಮಿಷನ್ ಸೊನ್ನೆ ಎಂದು ಹೇಳಿಕೊಳ್ಳುವ ಒಂದು ಆ್ಯಪ್. ಈಗ, ಪ್ರತಿ ಖರೀದಿಗೂ ಕಮಿಷನ್ ಹಾಕುವ, ಹಲವು ದೇಶಗಳ ಮಾರುಕಟ್ಟೆಯಲ್ಲಿ ಕೊಳ್ಳಲು ಬಿಡುವ ದೊಡ್ಡ ಬ್ರೋಕರ್. ಆ್ಯಪ್ ಮತ್ತು ಬ್ರೋಕರ್ ಎರಡರಲ್ಲೂ ಕೊಂಡಿದ್ದು ಅಮೆರಿಕದ 500 ದೊಡ್ಡ ಕಂಪನಿಗಳ ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಇಟಿಎಫ್, ಅಂದರೆ ಷೇರಿನಂತೆ ಮಾರುಕಟ್ಟೆಯಲ್ಲೇ ಕೊಂಡು ಮಾರುವ ಫಂಡ್. ಹಾಗಾಗಿ ಯಾವ ಫಂಡ್ ಎಷ್ಟು ಏರಿತು ಎಂಬ ಲೆಕ್ಕ ಇಲ್ಲಿ ಬೇಡ. ನನ್ನ ಖಾತೆಯಿಂದ ಹೊರಟ ದುಡ್ಡು ಫಂಡ್ ಸೇರುವ ತನಕ ಎಲ್ಲೆಲ್ಲಿ ಸೋರಿತು ಅನ್ನೋದನ್ನು ಮಾತ್ರ ಬರೆಯುತ್ತೇನೆ.

ಬ್ಯಾಂಕಿನ ಕಥೆ ಚಿಕ್ಕದು. ಪ್ರತಿ ಖರೀದಿಗೆ ಶೇ 1, ಜೊತೆಗೆ ಫಂಡ್ ಇಟ್ಟುಕೊಂಡಿದ್ದಕ್ಕೆ ವರ್ಷಕ್ಕೆ ಶೇ 0.4 ಕಸ್ಟಡಿ ಶುಲ್ಕ. ಇಂಡೆಕ್ಸ್ ಫಂಡ್ ಕೇಳಿದರೆ ಮೊದಲು ತೋರಿಸಿದ್ದು ಶೇ 3 ಪ್ರವೇಶ ಶುಲ್ಕ ಇರುವ ತಮ್ಮದೇ ಫಂಡ್. ಸಿಬ್ಬಂದಿ ಸಮಾಧಾನವಾಗಿ ಮಾತಾಡಿದರು, ತೆರಿಗೆಗೆ ಬೇಕಾದ ಪಟ್ಟಿಯನ್ನು ಅಚ್ಚುಕಟ್ಟಾಗಿ ಕೊಟ್ಟರು, ಅದನ್ನು ಮರೆಯುವುದಿಲ್ಲ. ಆದರೆ ಆ ಶೇ 0.4 ಇದೆಯಲ್ಲ, ಅದು ಮಾರುಕಟ್ಟೆ ಏರಲಿ ಬೀಳಲಿ ಪ್ರತಿ ವರ್ಷ ಇಡೀ ಮೊತ್ತದ ಮೇಲೆ ಹೋಗುತ್ತಲೇ ಇರುತ್ತದೆ. ಬಿಟ್ಟುಬಿಟ್ಟೆ.

ಆ್ಯಪ್ ಮೊದಲಿಗೆ ನನಗೆ ತುಂಬಾ ಹಿಡಿಸಿತ್ತು. ಖಾತೆ ತೆರೆಯುವುದು ಸಲೀಸು, ಫಂಡಿನ ಒಂದು ಪೂರ್ತಿ ಯುನಿಟ್ ಕೊಳ್ಳುವಷ್ಟು ದುಡ್ಡಿಲ್ಲದಿದ್ದರೆ ಚೂರು ಕೊಳ್ಳಬಹುದು. ತಿಂಗಳಿಗೆ 500 ಡಾಲರ್‌ನಷ್ಟು ಹಾಕುತ್ತಿದ್ದೆ. ಆಗ ನನ್ನ ಗಮನವೆಲ್ಲ ಫಂಡಿನ ವಾರ್ಷಿಕ ಖರ್ಚಿನ ಮೇಲೆ. 1993ರಿಂದ ಇರುವ ಎಸ್‌ಪಿವೈ ಎಂಬ ಇಟಿಎಫ್ ಶೇ 0.0945 ತೆಗೆದುಕೊಳ್ಳುತ್ತದೆ, ಅದೇ ಸೂಚ್ಯಂಕದ, ವ್ಯಾನ್‌ಗಾರ್ಡ್ ಕಂಪನಿಯ ವಿಒಒ ಶೇ 0.03. ವಾರಗಟ್ಟಲೆ ಓದಿ ವಿಒಒ ಆರಿಸಿಕೊಂಡೆ. ಎಲ್ಲಕ್ಕಿಂತ ಅಗ್ಗದ್ದು ಸಿಕ್ಕಿತು ಎಂದು ನೆಮ್ಮದಿಯಾಗಿದ್ದೆ.

ಎರಡನೇ ವರ್ಷದ ಕೊನೆಗೆ ಫಂಡ್ ಬದಲಿಸಬೇಕು ಅನ್ನಿಸಿತು. ಕಾರಣ ತೆರಿಗೆ. ಅಮೆರಿಕದಲ್ಲಿ ನೋಂದಾಯಿಸಿದ ಫಂಡ್ ಕೊಡುವ ಲಾಭಾಂಶದಲ್ಲಿ, ತೆರಿಗೆ ಒಪ್ಪಂದದ ರಿಯಾಯಿತಿ ಸಿಗದ ವಿದೇಶಿಯರಿಗೆ ಶೇ 30 ಅಲ್ಲೇ ಮುರಿದುಕೊಳ್ಳುತ್ತಾರೆ. ನನಗೂ ಅಷ್ಟೇ ಮುರಿಯುತ್ತಿದ್ದರು. ಅದೇ 500 ಕಂಪನಿಗಳನ್ನು ಐರ್ಲೆಂಡಿನಲ್ಲಿ ನೋಂದಾಯಿಸಿದ ಫಂಡ್ ಇಟ್ಟುಕೊಂಡರೆ ಆ ಎರಡು ದೇಶಗಳ ಒಪ್ಪಂದದಿಂದಾಗಿ ಫಂಡಿನ ಮಟ್ಟದಲ್ಲಿ ಹೋಗುವುದು ಶೇ 15. ಲಾಭಾಂಶ ವರ್ಷಕ್ಕೆ ಶೇ 1.3 ಅಂತ ಇಟ್ಟುಕೊಳ್ಳಿ. ಉಳಿಯುವುದು ಸುಮಾರು ಶೇ 0.2. ಐಶೇರ್ಸ್ ಕಂಪನಿಯ ಇಂಥ ಐರ್ಲೆಂಡಿನ ಫಂಡ್ ಸಿಎಸ್‌ಪಿಎಕ್ಸ್ ಶೇ 0.07 ತೆಗೆದುಕೊಂಡರೂ, ಅಂದರೆ ವಿಒಒಗಿಂತ 0.04 ಜಾಸ್ತಿಯಾದರೂ, ನನಗೆ ಲಾಭವೇ. ಇನ್ನೊಂದು ವಿಷಯ ಇನ್ನೂ ದೊಡ್ಡದು: ಅಮೆರಿಕದ ನಾಗರಿಕನಲ್ಲದ, ಅಲ್ಲಿ ನೆಲೆಸಿಲ್ಲದವನು ತೀರಿಕೊಂಡರೆ, ಅವನ ಹೆಸರಿನಲ್ಲಿರುವ ಅಮೆರಿಕದ ಆಸ್ತಿ 60,000 ಡಾಲರ್ ದಾಟಿದ್ದರೆ ಅಲ್ಲಿನ ಎಸ್ಟೇಟ್ ತೆರಿಗೆ ಬರಬಹುದು, ಅದು ಶೇ 40ರವರೆಗೂ ಹೋಗುತ್ತದೆ. ಅಮೆರಿಕದ ಇಟಿಎಫ್ ಆ ಲೆಕ್ಕಕ್ಕೆ ಸೇರುತ್ತದೆ, ಐರ್ಲೆಂಡಿನದು ಸೇರುವುದಿಲ್ಲ. ಫಂಡ್ ಎಲ್ಲಿಯದು ಎಂದು ತಿಳಿಯಲು ಅದರ ಐಎಸ್‌ಐಎನ್ ಎಂಬ ಗುರುತಿನ ಸಂಖ್ಯೆಯ ಮೊದಲ ಎರಡು ಅಕ್ಷರ ನೋಡಿದರೆ ಸಾಕು. ಐಇ ಅಂದರೆ ಐರ್ಲೆಂಡ್, ಯುಎಸ್ ಅಂದರೆ ಅಮೆರಿಕ.

ಸರಿ, ಸುಮಾರು 4,000 ಡಾಲರ್‌ನ ವಿಒಒ ಮಾರಿ ಸಿಎಸ್‌ಪಿಎಕ್ಸ್ ಕೊಳ್ಳೋಣ ಎಂದುಕೊಂಡೆ. ಎರಡೂ ಡಾಲರಿನಲ್ಲೇ ವ್ಯವಹಾರ ಆಗುವಂಥವು. ಇಲ್ಲಿ ಮಾರಿ ಅಲ್ಲಿ ಕೊಂಡರೆ ಮುಗಿಯಿತು, ಅಲ್ವಾ? ಮುಗಿಯಲಿಲ್ಲ. ಆ್ಯಪ್‌ನಲ್ಲಿ ಡಾಲರ್ ಇಟ್ಟುಕೊಳ್ಳುವ ಜಾಗವೇ ಇರಲಿಲ್ಲ. ಮಾರಿದ ದುಡ್ಡು ತಾನಾಗಿ ನನ್ನ ಕರೆನ್ಸಿಗೆ ಬದಲಾಗಿ ಬಂತು, ಕೊಳ್ಳಲು ಒತ್ತಿದಾಗ ಮತ್ತೆ ಡಾಲರ್‌ಗೆ ಬದಲಾಗಿ ಹೋಯಿತು. ಕೊನೆಗೆ ನನ್ನ ಕೈಗೆ ಬಂದ ಸಿಎಸ್‌ಪಿಎಕ್ಸ್ 3,881 ಡಾಲರ್‌ನಷ್ಟು.

ಮೊದಲು ಮಾರುಕಟ್ಟೆ ಬಿದ್ದಿರಬೇಕು ಅಂದುಕೊಂಡೆ. ಸೂಚ್ಯಂಕ ನೋಡಿದರೆ ಇದ್ದಲ್ಲೇ ಇತ್ತು. ರಸೀದಿ ತೆಗೆದರೆ ಎರಡರಲ್ಲೂ ಕಮಿಷನ್ 0, ಶುಲ್ಕ 0. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಕಣ್ಣಿಗೆ ಬಿದ್ದಿದ್ದು ರಸೀದಿಯ ಕೆಳಗೆ ಸಣ್ಣಕ್ಷರದಲ್ಲಿದ್ದ ವಿನಿಮಯ ದರ. ಅದೇ ಹೊತ್ತಿನಲ್ಲಿ ಮಾರುಕಟ್ಟೆಯ ನಡುದರ (ಕರೆನ್ಸಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನದು) ಎಷ್ಟಿತ್ತು ಎಂದು ಹುಡುಕಿ ಪಕ್ಕದಲ್ಲಿಟ್ಟು ನೋಡಿದೆ. ಶೇ 1.5 ವ್ಯತ್ಯಾಸ. ಮಾರುವಾಗ 4,000ಕ್ಕೆ 60 ಡಾಲರ್, ಕೊಳ್ಳುವಾಗ ಉಳಿದ 3,940ಕ್ಕೆ 59. ಒಟ್ಟು 119 ಡಾಲರ್, ಒಂದೇ ವಾರದಲ್ಲಿ, ಎಲ್ಲೂ ಶುಲ್ಕ ಎಂದು ಬರೆಯದೆ.

ಈ 119 ಎಷ್ಟು ದೊಡ್ಡದು ಅಂದರೆ, 4,000 ಡಾಲರ್ ಮೇಲೆ ಸಿಎಸ್‌ಪಿಎಕ್ಸ್ ವರ್ಷಕ್ಕೆ ತೆಗೆದುಕೊಳ್ಳುವುದು 2.80 ಡಾಲರ್. 42 ವರ್ಷದ ಫಂಡ್ ಖರ್ಚನ್ನು ಎರಡು ಸಲ ಕರೆನ್ಸಿ ಬದಲಿಸಿದ್ದಕ್ಕೆ ಕೊಟ್ಟೆ! ಐರ್ಲೆಂಡಿಗೆ ಹೋಗಿದ್ದರಿಂದ ಆ ಮೊತ್ತಕ್ಕೆ ವರ್ಷಕ್ಕೆ ಉಳಿಯುವುದು ಆರು ಡಾಲರ್ ಚಿಲ್ಲರೆ. ಹೋದದ್ದು ವಾಪಸ್ ಬರಲು ಸುಮಾರು 19 ವರ್ಷ ಬೇಕು. ಹಿಂದಿನ ಖರೀದಿಗಳನ್ನೂ ತೆಗೆದು ನೋಡಿದೆ. ಪ್ರತಿ ತಿಂಗಳ 500ಕ್ಕೂ ಏಳೂವರೆ ಡಾಲರ್ ಹೋಗಿತ್ತು, ವರ್ಷಕ್ಕೆ 90. ಮೂರು ತಿಂಗಳಿಗೊಮ್ಮೆ ಬರುತ್ತಿದ್ದ ಲಾಭಾಂಶವೂ ನನ್ನ ಕರೆನ್ಸಿಗೆ ಬದಲಾಗಿ ಬರುತ್ತಿತ್ತು, ಅದನ್ನೇ ಮತ್ತೆ ಹೂಡಿದಾಗ ಮತ್ತೆ ಬದಲಾಗುತ್ತಿತ್ತು. ನಿಜಕ್ಕೂ ಸಂಕಟವಾಯಿತು. ಶೇ 0.03 ಮತ್ತು 0.0945ರ ನಡುವೆ ವಾರಗಟ್ಟಲೆ ಅಳೆದು ತೂಗಿದವನು ಶೇ 1.5 ಕಡೆ ನೋಡೇ ಇರಲಿಲ್ಲ. ನೀವು ಯಾವ ಆ್ಯಪ್ ಬಳಸುತ್ತಿದ್ದರೂ ಇವತ್ತೇ ಒಂದು ರಸೀದಿ ತೆಗೆದು ಅದರ ದರವನ್ನು ಅದೇ ಸಮಯದ ನಡುದರದ ಜೊತೆ ಹೋಲಿಸಿ. ಐದು ನಿಮಿಷದ ಕೆಲಸ.

ಈಗಿನ ಬ್ರೋಕರ್‌ನಲ್ಲಿ ನನ್ನ ಕರೆನ್ಸಿಯಲ್ಲೇ, ನಮ್ಮ ದೇಶದೊಳಗಿನ ಸಾಮಾನ್ಯ ವರ್ಗಾವಣೆಯಲ್ಲೇ ದುಡ್ಡು ಹಾಕಬಹುದು. ಡಾಲರ್‌ಗೆ ಬದಲಿಸುವುದು ಬೇರೆಯೇ ಆರ್ಡರ್. ದರ ನಡುದರಕ್ಕೆ ಅಂಟಿಕೊಂಡೇ ಇರುತ್ತದೆ, ನನ್ನ ಮೊತ್ತಕ್ಕೆ ಕನಿಷ್ಠ ಶುಲ್ಕ 2 ಡಾಲರ್. ಲಂಡನ್ ಮಾರುಕಟ್ಟೆಯಲ್ಲಿ ಸಿಎಸ್‌ಪಿಎಕ್ಸ್ ಕೊಳ್ಳಲು ಕಮಿಷನ್ ಸುಮಾರು 4. ಮಾರಿದರೆ ಡಾಲರ್ ಡಾಲರ್ ಆಗಿಯೇ ಕೂತಿರುತ್ತದೆ. ಹೋಗಿದ್ದು ಎಷ್ಟು ಎಂದು ರಸೀದಿಯಲ್ಲಿ ಕಾಣುತ್ತದೆ, ನನಗೆ ಬೇಕಿದ್ದದ್ದು ಅದೇ.

ಕಷ್ಟ ಇಲ್ಲ ಎನ್ನಲಾರೆ. ಪರದೆ ತುಂಬ ಗುಂಡಿಗಳು, ಮೊದಲ ಖರೀದಿಗೆ ಒಂದು ಸಂಜೆ ಹಿಡಿಯಿತು. ಒಂದೇ ಫಂಡ್ ಲಂಡನ್ನಿನಲ್ಲಿ ಡಾಲರಿಗೆ ಸಿಎಸ್‌ಪಿಎಕ್ಸ್ ಎಂದೂ ಪೌಂಡಿಗೆ ಸಿಎಸ್‌ಪಿ1 ಎಂದೂ ಎರಡು ಹೆಸರಲ್ಲಿ ಇರುತ್ತದೆ. ಕೈಯಲ್ಲಿ ಡಾಲರ್ ಇಟ್ಟುಕೊಂಡು ಪೌಂಡಿನದನ್ನು ಆರಿಸಿದರೆ ಸುಮ್ನೆ ಇನ್ನೊಂದು ಸಲ ಕರೆನ್ಸಿ ಬದಲಾಗಬೇಕು. ಹೊತ್ತೂ ಮುಖ್ಯ. ಬೆಳಗ್ಗೆ ನ್ಯೂಯಾರ್ಕ್ ಮಲಗಿರುವಾಗ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ಜಾಸ್ತಿ ಇರುವುದುಂಟು, ಹಾಗಾಗಿ ವರ್ಷದ ಬಹುಪಾಲು ಲಂಡನ್ ಸಮಯ 14:30ಕ್ಕೆ ಅಮೆರಿಕದ ಮಾರುಕಟ್ಟೆ ತೆರೆದ ಮೇಲೆ, 16:30ಕ್ಕೆ ಲಂಡನ್ ಮುಚ್ಚುವುದರೊಳಗೆ, ಬೆಲೆ ನಿಗದಿ ಮಾಡಿದ ಲಿಮಿಟ್ ಆರ್ಡರ್ ಹಾಕುತ್ತೇನೆ.

ನಾನು ಅಮೆರಿಕದವನಲ್ಲ ಎಂದು ಅಲ್ಲಿನ ತೆರಿಗೆಗಾಗಿ ಬರೆದುಕೊಡುವ ಡಬ್ಲ್ಯು-8ಬೆನ್ ಫಾರಂ ಮೂರೂ ಕಡೆ ಒಂದೇ. ಸಹಿ ಮಾಡಿದ ವರ್ಷದ ನಂತರದ ಮೂರನೇ ವರ್ಷದ ಕೊನೆಗೆ ಅವಧಿ ಮುಗಿಯುತ್ತದೆ, ತಾರೀಖು ಬರೆದಿಟ್ಟುಕೊಳ್ಳಿ.

ಆ್ಯಪ್‌ನಿಂದ ಬರುವಾಗ ಪೂರ್ತಿ ಯುನಿಟ್‌ಗಳು ಹಾಗೇ ವರ್ಗವಾದವು, ಚೂರುಗಳನ್ನು ಮಾರಲೇಬೇಕಾಯಿತು. ಅದಕ್ಕೂ ಶೇ 1.5.

ಈಗ ನನ್ನ ಅಭ್ಯಾಸವೇ ಬದಲಾಗಿದೆ. ತಿಂಗಳಿಗೆ 500 ಕಳಿಸುತ್ತೇನೆ, ಆದರೆ ಕೊಳ್ಳುವುದು ಮೂರು ತಿಂಗಳಿಗೊಮ್ಮೆ, 1,500 ಆದಾಗ. ಒಂದು ಸಲಕ್ಕೆ 6 ಡಾಲರ್, ವರ್ಷಕ್ಕೆ 24. ಆ್ಯಪ್‌ನಲ್ಲಿ 90 ಆಗುತ್ತಿತ್ತು. ತಿಂಗಳು ತಿಂಗಳು ಕೊಂಡರೆ ಇಲ್ಲೂ 72 ಆಗುತ್ತದೆ, ಆಗ ಇಷ್ಟು ತೊಂದರೆ ತೆಗೆದುಕೊಂಡು ಬರುವ ಅಗತ್ಯ ಇರುತ್ತಿರಲಿಲ್ಲ. ಸಿಎಸ್‌ಪಿಎಕ್ಸ್ ಲಾಭಾಂಶವನ್ನು ಒಳಗೇ ಮರುಹೂಡಿಕೆ ಮಾಡುವುದರಿಂದ ಆ ಸೋರಿಕೆಯೂ ನಿಂತಿದೆ.

ಒಂದು ಸಲಕ್ಕೆ 400 ಡಾಲರ್‌ಗಿಂತ ಕಡಿಮೆ ಕೊಳ್ಳುವವರಿಗೆ ಲೆಕ್ಕ ತಿರುಗುತ್ತದೆ, 6 ಡಾಲರೇ ಶೇ 1.5ಕ್ಕಿಂತ ಜಾಸ್ತಿಯಾಗುತ್ತದೆ. ನನ್ನ ತಂಗಿ ತಿಂಗಳಿಗೆ 100 ಹಾಕುತ್ತಾಳೆ, ಆ ತಿಂಗಳೇ ಕೊಳ್ಳದಿದ್ದರೆ ದುಡ್ಡು ಬೇರೆ ಯಾವುದಕ್ಕೋ ಖರ್ಚಾಗಿಬಿಡುತ್ತದೆ ಎನ್ನುತ್ತಾಳೆ. ಅವಳಿಗೆ ಸದ್ಯ ಆ್ಯಪ್‌ನಲ್ಲೇ ಇರು ಎಂದೆ. ಲಾಭಾಂಶವನ್ನು ಒಳಗೇ ಹೂಡುವ ಐರ್ಲೆಂಡಿನ ಫಂಡ್ ಒಂದನ್ನು ಮೊದಲ ದಿನವೇ ಆರಿಸಿಕೊಂಡಿದ್ದಾಳೆ. ಅದನ್ನು ಮಾರಿ ಇನ್ನೊಂದು ಕೊಳ್ಳಬೇಡ, ಮೊತ್ತ ದೊಡ್ಡದಾದರೆ ಹಾಗೇ ವರ್ಗ ಮಾಡಿಸೋಣ ಎಂದು ಮಾತಾಡಿಕೊಂಡಿದ್ದೇವೆ.