ಬೆಟ್ಟ, ಯೋಗ, ಕೆರೆ: ಒಂಬತ್ತು ತಿಂಗಳ ಹೋಲಿಕೆ

ಐವತ್ತೆರಡನೆಯ ವಯಸ್ಸಿನಲ್ಲಿ ನನ್ನ ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 6.2 ಎಂದು ಬಂದಾಗ ವೈದ್ಯರು ಮಾತ್ರೆ ಬರೆಯಲಿಲ್ಲ. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು, ಅದನ್ನು ದಾಟದಿರುವುದು ಇನ್ನೂ ನಿಮ್ಮ ಕೈಯಲ್ಲಿದೆ ಎಂದರು. ಸೊಂಟನೋವೂ ನಡುರಾತ್ರಿಯ ಎಚ್ಚರವೂ ಅದಕ್ಕೆ ಮೊದಲೇ ಜೊತೆಗಿದ್ದವು. ಮೈಸೂರಿನಲ್ಲಿ ಇಂಥ ಸುದ್ದಿ ಹೇಳಿಕೊಂಡವರಿಗೆ ನೆಂಟರಿಷ್ಟರು ಮೂರು ದಾರಿ ತೋರಿಸುತ್ತಾರೆ: ಚಾಮುಂಡಿ ಬೆಟ್ಟ ಹತ್ತು, ಯೋಗಕ್ಕೆ ಸೇರು, ಕುಕ್ಕರಹಳ್ಳಿ ಕೆರೆ ಸುತ್ತು. ಆ ಪರೀಕ್ಷೆಯ ಫಲಿತಾಂಶವು ಕೆಂಪು ರಕ್ತಕಣಗಳ ಸುಮಾರು 120 ದಿನಗಳ ಆಯುಸ್ಸನ್ನು ಅವಲಂಬಿಸಿರುವುದರಿಂದ, ಒಂದೊಂದಕ್ಕೂ ಮೂರು ತಿಂಗಳು ಕೊಡದೆ ತೀರ್ಪು ಹೇಳಬಾರದೆಂದುಕೊಂಡು ಮೂರನ್ನೂ ಸರದಿಯಲ್ಲಿ ನಡೆಸಿದೆ.

ಮೊದಲು ಬೆಟ್ಟ. ದೊಡ್ಡದೇವರಾಜ ಒಡೆಯರು 17ನೆಯ ಶತಮಾನದಲ್ಲಿ ಕಟ್ಟಿಸಿದ ಸಾವಿರದಷ್ಟು ಮೆಟ್ಟಿಲುಗಳನ್ನು ವಾರಕ್ಕೆ ಮೂರು ಬೆಳಗು ಹತ್ತಿದೆ. ಹೃದಯಕ್ಕೂ ಉಸಿರಿಗೂ ಇದಕ್ಕಿಂತ ಗಟ್ಟಿಯಾದ ಕೆಲಸ ಬೇರೆ ಎರಡರಲ್ಲಿ ಸಿಗಲಿಲ್ಲ. ತೊಂದರೆ ಇರುವುದು ಇಳಿಯುವುದರಲ್ಲಿ. ಒಂದೊಂದು ಮೆಟ್ಟಿಲಿಗೂ ದೇಹದ ಭಾರವನ್ನು ಬಾಗಿದ ಮಂಡಿಯೇ ತಡೆಯಬೇಕಾಗುವುದರಿಂದ ಆರನೆಯ ವಾರಕ್ಕೆ ಎಡಮಂಡಿ ಊದಿತು. ಬಸ್ಸಿನಲ್ಲಿ ಇಳಿದರಾಯಿತೆಂದು ಹೊರಟರೆ ಅದು ನಗರ ಬಸ್ ನಿಲ್ದಾಣಕ್ಕೆ ಒಯ್ದಿತು. ಸ್ಕೂಟರ್ ಮಾತ್ರ ಪಾದದಲ್ಲೇ ನಿಂತಿತ್ತು. ಹತ್ತಿದ ದಿನ ಹಸಿವೂ ವಿಪರೀತ, ಹತ್ತಿದ್ದೇನಲ್ಲ ಎಂಬ ಧೈರ್ಯವೂ ವಿಪರೀತ. ಎರಡು ಬೆಣ್ಣೆ ಮಸಾಲೆ ದೋಸೆಗೆ ಅಷ್ಟು ಸಾಕಾಗಿತ್ತು. ಸಕ್ಕರೆ 6.2ರಲ್ಲೇ ಉಳಿಯಿತು.

ಯೋಗದ ವಿಷಯದಲ್ಲಿ ನಮ್ಮೂರಿಗೆ ಹೆಸರಿದೆ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು; ಅವರ ಶಿಷ್ಯ ಪಟ್ಟಾಭಿ ಜೋಯಿಸರ ಪದ್ಧತಿ ಕಲಿಯಲು ಇಂದಿಗೂ ವಿದೇಶಿಯರು ಗೋಕುಲಂಗೆ ಬರುತ್ತಾರೆ. ನಾನು ಸೇರಿದ್ದು ಬಡಾವಣೆಯ ಚಿಕ್ಕ ತರಗತಿಗೆ, ಆದರೆ ಕ್ರಮ ಅದೇ: ಎಲ್ಲರಿಗೂ ಒಂದೇ ಎಣಿಕೆಯಿಲ್ಲ, ಅವರವರು ಅವರವರ ಉಸಿರಿನ ಲೆಕ್ಕದಲ್ಲಿ ಮಾಡುತ್ತಾರೆ, ಗುರುಗಳು ನಡುವೆ ಓಡಾಡುತ್ತ ತಿದ್ದುತ್ತಾರೆ. ಶನಿವಾರ, ಅಮಾವಾಸ್ಯೆ, ಹುಣ್ಣಿಮೆ ರಜೆ. ಸೊಂಟನೋವು ಎರಡನೆಯ ತಿಂಗಳಿಗೇ ಗಣನೀಯವಾಗಿ ತಗ್ಗಿತು. ಈ ಗುಣವನ್ನು ಉಳಿದೆರಡೂ ಕೊಡಲಿಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ ಐದೂವರೆಗೆ ಚಾಪೆಯ ಮೇಲಿರಬೇಕಾದರೆ ನಾಲ್ಕೂವರೆಗೆ ಏಳಬೇಕು, ನಮ್ಮ ಮನೆಯ ಊಟವೋ ರಾತ್ರಿ ಒಂಬತ್ತೂವರೆಯದು. ಐದು ತಾಸಿನ ನಿದ್ದೆಯ ಸಿಡುಕನ್ನು ಕಚೇರಿಯವರು ಸಹಿಸಿಕೊಂಡರು. ಸಕ್ಕರೆ 6.1.

ಕೆರೆಯಿಂದ ನಾನು ಹೆಚ್ಚೇನೂ ನಿರೀಕ್ಷಿಸಿರಲಿಲ್ಲ. ಸಮತಟ್ಟಾದ ಮಣ್ಣಿನ ದಾರಿ, ಹೆಜ್ಜಾರ್ಲೆಗಳು, ಬಿದಿರಿನ ನೆರಳು, ಒಂದು ಸುತ್ತಿಗೆ ಐವತ್ತು ನಿಮಿಷ. ಬೆವರೂ ಸರಿಯಾಗಿ ಬರುವುದಿಲ್ಲ. ಆದರೆ ಕತ್ತಲಾಗುವ ಹೊತ್ತಿಗೆ ಗೇಟು ಮುಚ್ಚುತ್ತಾರೆ, ಆದ್ದರಿಂದ ಕಚೇರಿಯಿಂದ ಹೊತ್ತಿಗೆ ಸರಿಯಾಗಿ ಏಳಲೇಬೇಕಾಯಿತು. ಏಳಕ್ಕೆ ಹಸಿದು ಮನೆ ಸೇರಿದವನಿಗೆ ಏಳೂವರೆಗೇ ಊಟ ಬೇಕಾಯಿತು, ಉಂಡ ಮೇಲೆ ಬೀದಿಯಲ್ಲಿ ಹದಿನೈದು ನಿಮಿಷ ಅಡ್ಡಾಡುವ ರೂಢಿ ತಾನಾಗಿ ಬಂತು, ಹತ್ತಕ್ಕೆ ಕಣ್ಣು ಮುಚ್ಚತೊಡಗಿತು. ಊಟದ ನಂತರ ನಡೆಯುವ ಸ್ನಾಯುಗಳು ರಕ್ತದ ಗ್ಲೂಕೋಸನ್ನು ನೇರವಾಗಿ ಬಳಸಿಕೊಳ್ಳುವುದರಿಂದ, ಕೆರೆಯ ಐವತ್ತು ನಿಮಿಷಕ್ಕಿಂತ ಈ ಹದಿನೈದೇ ಹೆಚ್ಚು ಕೆಲಸ ಮಾಡಿರಬಹುದು. ಸಕ್ಕರೆ 5.9ಕ್ಕೆ ಇಳಿಯಿತು. ಪೂರ್ತಿ ಶ್ರೇಯಸ್ಸನ್ನು ಕೆರೆಗೇ ಕೊಡುವಂತಿಲ್ಲ, ಮೊದಲ ಆರು ತಿಂಗಳ ಶ್ರಮವೂ ಅದರಲ್ಲಿ ಸೇರಿದೆ. ಅನ್ನ ಬಿಟ್ಟು ಮುದ್ದೆ ಹಿಡಿದದ್ದೂ ಆಗಲೇ. ಆದರೆ ನುಣ್ಣನೆಯ ಹಿಟ್ಟಿನ ಮುದ್ದೆಯೂ ಸಕ್ಕರೆ ಏರಿಸುತ್ತದೆಂದು ಒಂದಕ್ಕೇ ನಿಲ್ಲಿಸಿ, ಸೊಪ್ಪಿನ ಸಾರನ್ನು ಎರಡರಷ್ಟು ಮಾಡಿಸಿದೆ.

ಮೂರರಲ್ಲಿ ಒಂದನ್ನೇ ಆರಿಸಬೇಕೆಂದರೆ ಕೆರೆಯನ್ನೇ ಆರಿಸುತ್ತೇನೆ, ಏಕೆಂದರೆ ಉಳಿದ ಹೊತ್ತಿನ ಊಟ ನಿದ್ದೆಗಳನ್ನು ಸರಿಪಡಿಸಿದ್ದು ಅದೊಂದೇ. ಸೊಂಟಕ್ಕಾಗಿ ಕಲಿತ ಆಸನಗಳನ್ನು ವಾರಕ್ಕೆರಡು ಬಾರಿ ಮನೆಯಲ್ಲೇ ಮಾಡುತ್ತೇನೆ. ಬೆಟ್ಟಕ್ಕೆ ತಿಂಗಳಿಗೊಮ್ಮೆ ಹೋಗುತ್ತೇನೆ. ಹತ್ತುವುದು ಕಾಲಲ್ಲಿ, ಇಳಿಯುವುದು ಬಸ್ಸಿನಲ್ಲಿ, ಸ್ಕೂಟರ್ ಮನೆಯಲ್ಲಿ.